ಐದನೇ ವರ್ಷದ ಬೀಗ

ತುಮಕೂರಿನ ಉಪ್ಪಾರಹಳ್ಳಿ ಎಂದರೆ ಮೊದಲು ನೆನಪಾಗುವುದು ರೈಲು. ಮೇಲ್ಸೇತುವೆ ಆದ ಮೇಲೆ ಗೇಟಿನ ಬಳಿ ನಿಂತು ಕಾಯುವ ಕಾಟ ತಪ್ಪಿತು, ಬೆಳಗಿನ ಗಾಡಿಗೆ ಓಡುವವರ ಧಾವಂತ ಮಾತ್ರ ತಪ್ಪಲಿಲ್ಲ. ಯಶವಂತಪುರದ ಕಡೆಗೆ ಹೊರಟ ಬೋಗಿಗಳಲ್ಲಿ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ನಿಂತವರಿಗೇನೂ ಕಡಿಮೆಯಿಲ್ಲ. ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನ ಕಂಪ್ಯೂಟರ್ ಕೆಲಸವೇ ಈ ಕಡೆಯ ಎಷ್ಟೋ ಮನೆಗಳ ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು. ಆ ಫೀಸು ಕಟ್ಟಿಸಿಕೊಳ್ಳುವ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಕಂಪ್ಯೂಟರ್ ಪೀರಿಯಡ್ ಇರುತ್ತದೆ. ಫೀಸಿಲ್ಲದ ಶಾಲೆಯ ಮಗುವಿಗೆ? ಅದು ಮಗು ಯಾವ ಇಸವಿಯಲ್ಲಿ ಎಂಟನೇ ಕ್ಲಾಸಿಗೆ ಬಂತು ಎಂಬುದರ ಮೇಲಿದೆ. ಒಂದು ಯೋಜನೆ ಉಸಿರಾಡುತ್ತಿದ್ದ ವರ್ಷ ಬಂದರೆ ಕಂಪ್ಯೂಟರ್ ಸಿಕ್ಕೀತು. ಎರಡು ಯೋಜನೆಗಳ ನಡುವಿನ ವರ್ಷ ಬಂದರೆ ಬೀಗ ಹಾಕಿದ ಕೋಣೆ ಸಿಗುತ್ತದೆ.

ಸರ್ಕಾರ ಶಾಲೆಯ ಕಂಪ್ಯೂಟರಿಗೆ ದುಡ್ಡೇ ಕೊಟ್ಟಿಲ್ಲ ಎನ್ನುವ ಮಾತು ನಿಜವಲ್ಲ. ನಲವತ್ತು ವರ್ಷಗಳಿಂದ ಕೊಡುತ್ತಲೇ ಬಂದಿದೆ. ಕೊಟ್ಟದ್ದೆಲ್ಲ ಹೆಚ್ಚುಕಮ್ಮಿ ಯಂತ್ರಕ್ಕೆ, ಅದೂ ಐದೈದು ವರ್ಷದ ಕಂತಿನಲ್ಲಿ. ಕಲಿಸುವ ಮನುಷ್ಯನನ್ನು ಶಾಲೆಯಲ್ಲಿ ಉಳಿಸುವುದಕ್ಕೆ ಖರ್ಚು ಮಾಡಿದ್ದು ತೀರಾ ಕಡಿಮೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಅಲ್ಲೇ ಇದೆ.

ಕಥೆ ಶುರುವಾಗುವುದು 1984ರಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ ಸೇರಿ ‘ಕ್ಲಾಸ್’ ಎಂಬ ಯೋಜನೆ ತಂದವು. ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. 32 ಕಿಲೋಬೈಟ್ ಮೆಮೊರಿಯ ಯಂತ್ರ. ಇವತ್ತು ವಾಟ್ಸ್‌ಆ್ಯಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ. ಆದರೂ ಅದನ್ನು ಹಚ್ಚಿದ ಕೂಡಲೇ ಬೇಸಿಕ್ ಭಾಷೆಯ ಸಾಲಿಗಾಗಿ ಕಾಯುತ್ತಾ ಕೂರುತ್ತಿತ್ತು. ಏನಾದರೂ ಮಾಡಿಸಬೇಕೆಂದರೆ ನಾಲ್ಕು ಸಾಲು ಪ್ರೋಗ್ರಾಂ ಬರೆಯಲೇಬೇಕು. ಈ ಒಂದು ದೃಷ್ಟಿಯಿಂದ, ಮುಂದೆ ಬಂದ ಎಲ್ಲ ಯೋಜನೆಗಳಿಗಿಂತ ಕಂಪ್ಯೂಟರ್ ವಿಜ್ಞಾನಕ್ಕೆ ಹತ್ತಿರವಿದ್ದದ್ದು ಆ ಬಡ ಯಂತ್ರವೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಕಂಪ್ಯೂಟರಿನ ಪ್ರಸ್ತಾಪ ಬಂತು. ಆದರೆ ಕೆಲವೇ ಶಿಕ್ಷಕರಿಗೆ ಕೆಲವೇ ದಿನದ ತರಬೇತಿ, ದೂರದ ಊರಿನಿಂದ ಬರಬೇಕಾದ ರಿಪೇರಿ, ಇಂಗ್ಲಿಷಿನಲ್ಲೇ ಇದ್ದ ಪಾಠ ಸಾಮಗ್ರಿ. ತೊಂಬತ್ತರ ದಶಕದಲ್ಲಿ ‘ಕ್ಲಾಸ್’ ತಣ್ಣಗಾಯಿತು.

ಕರ್ನಾಟಕದ್ದೇ ಆದ ದೊಡ್ಡ ಹೆಜ್ಜೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದ್ದು. 2000ದ ‘ಮಾಹಿತಿ’ ನೀತಿಯ ಬೆನ್ನಿಗೆ 2001-02ರಲ್ಲಿ ‘ಮಾಹಿತಿ ಸಿಂಧು’ ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆ, ಐದು ವರ್ಷ. ನಡೆಸುವ ಹೊಣೆ ಎನ್‌ಐಐಟಿಯಂಥ ಖಾಸಗಿ ತರಬೇತಿ ಸಂಸ್ಥೆಗಳದ್ದು. ಕಂಪನಿಯೇ ಲ್ಯಾಬ್ ಕಟ್ಟುತ್ತದೆ, ಯಂತ್ರ ಅದರದ್ದೇ, ಶಿಕ್ಷಕರನ್ನು ನೇಮಿಸುವುದೂ ಅದೇ. ಸರ್ಕಾರ ಕಂತುಗಳಲ್ಲಿ ಹಣ ಕೊಡುತ್ತದೆ. ಐದು ವರ್ಷ ಮುಗಿದ ದಿನ ಎಲ್ಲವನ್ನೂ ಶಾಲೆಗೆ ಬಿಟ್ಟುಕೊಟ್ಟು ಕಂಪನಿ ಹೊರಡುತ್ತದೆ. ಕಡತಗಳಲ್ಲಿ ಇದಕ್ಕೆ ‘ಬೂಟ್’ ಮಾದರಿ ಎಂದು ಹೆಸರು.

ಲೆಕ್ಕಪತ್ರದ ಕಣ್ಣಿಗೆ ಇದು ಅಚ್ಚುಕಟ್ಟು. ಖಜಾನೆಗೆ ಒಮ್ಮೆಲೇ ಹೊರೆಯಿಲ್ಲ, ಹೊಸ ಹುದ್ದೆ ಸೃಷ್ಟಿಸಬೇಕಿಲ್ಲ, ಆರ್ಥಿಕ ಇಲಾಖೆಯ ತಕರಾರಿಲ್ಲ. ಶಾಲೆಯ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಕಂಪ್ಯೂಟರ್ ಕಲಿಸಲು ಬಂದ ಹುಡುಗನೋ ಹುಡುಗಿಯೋ ಮುಖ್ಯ ಶಿಕ್ಷಕರ ಕೈಕೆಳಗಿನವರಲ್ಲ. ಹಾಜರಾತಿ ಕಂಪನಿಗೆ, ಸಂಬಳ ಕಂಪನಿಯಿಂದ, ಅದೂ ತೀರಾ ಕಡಿಮೆ. ಉಳಿದ ಶಿಕ್ಷಕರು ‘ಅದು ಅವರ ಲ್ಯಾಬು’ ಎಂದು ಆ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ. ಮಕ್ಕಳಿಗೆ ಪೇಂಟ್, ವರ್ಡ್, ಎಕ್ಸೆಲ್ ಪರಿಚಯವಾಯಿತು. ಗಣಿತದ ಮೇಷ್ಟರಿಗೂ ಆ ಕೋಣೆಗೂ ಸಂಬಂಧವೇ ಹುಟ್ಟಲಿಲ್ಲ. ಒಪ್ಪಂದ ಮುಗಿದ ಮೇಲೆ ಶಾಲೆಯ ಪಾಲಿಗೆ ಬಂದದ್ದು ಐದು ವರ್ಷ ಹಳೆಯ, ವಾರಂಟಿ ತೀರಿದ ಯಂತ್ರಗಳು. ಅವನ್ನು ಬಲ್ಲವರು ಅದೇ ದಿನ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದರು. ‘ನಮ್ಮನ್ನು ಮುಂದುವರಿಸಿ’ ಎಂದು ಕಂಪ್ಯೂಟರ್ ಶಿಕ್ಷಕರು ಬೆಂಗಳೂರಿನಲ್ಲಿ ಧರಣಿ ಕೂತರು. ಪಾಠ ಕಲಿಸುವವರನ್ನು ಯಂತ್ರದ ಬಿಡಿಭಾಗದಂತೆ ಟೆಂಡರಿನಲ್ಲಿ ಸೇರಿಸಿದ್ದರ ಫಲ ಇದು.

ಹೀಗಾದ ಮೇಲೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಬಂತು. ವೆಚ್ಚದಲ್ಲಿ ಕೇಂದ್ರದ್ದು 75 ಪಾಲು, ರಾಜ್ಯದ್ದು 25. 2010ರಲ್ಲಿ ಪರಿಷ್ಕರಿಸಿ, ಶಾಲೆಯೊಂದಕ್ಕೆ ಬಂಡವಾಳ ವೆಚ್ಚ 6.40 ಲಕ್ಷ ರೂಪಾಯಿ, ಮುಂದಿನ ಐದು ವರ್ಷ ಪ್ರತಿ ವರ್ಷ 2.70 ಲಕ್ಷ ಎಂದು ನಿಗದಿ ಮಾಡಿದರು. ಈ ಯೋಜನೆಯ ಮೂರನೇ ಹಂತದಲ್ಲಿ ಕರ್ನಾಟಕದ ನಾಲ್ಕು ಸಾವಿರಕ್ಕೂ ಹೆಚ್ಚು ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಿಗೆ ಲ್ಯಾಬ್ ಬಂತು. ಮಾದರಿ ಮತ್ತೆ ಅದೇ ಬೂಟ್. ಅವಧಿ ಮತ್ತೆ ಐದು ವರ್ಷ. ಮುಗಿದಾಗ ಆದದ್ದೂ ಅದೇ.

ಗುಬ್ಬಿಯದ್ದೋ ಕುಣಿಗಲ್‌ನದ್ದೋ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ದಾಸ್ತಾನು ಪುಸ್ತಕ ತೆಗೆಸಿದರೆ ಈ ಇತಿಹಾಸವೆಲ್ಲ ಪದರ ಪದರವಾಗಿ ಬಿದ್ದಿರುವುದು ಕಾಣುತ್ತದೆ. ಇಂಥ ಯೋಜನೆಯಲ್ಲಿ ಬಂದ ಮಾನಿಟರ್ ಇಷ್ಟು, ಸಿಪಿಯು ಇಷ್ಟು, ಯುಪಿಎಸ್ ಒಂದು, ಪ್ರಿಂಟರ್ ಒಂದು, ಪ್ಲಾಸ್ಟಿಕ್ ಕುರ್ಚಿ ಇಷ್ಟು. ಮೊದಲು ಸಾಯುವುದು ಯುಪಿಎಸ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದು ಕೈಕೊಟ್ಟ ಮೇಲೆ, ಕರೆಂಟು ಹೋದಾಗಲೆಲ್ಲ ಯಂತ್ರಗಳು ತಟ್ಟನೆ ಆರಿ, ಒಂದೊಂದಾಗಿ ಹಾರ್ಡ್ ಡಿಸ್ಕ್ ಕೆಡುತ್ತವೆ. ಹೊಸ ಬ್ಯಾಟರಿ ತರಲು ಶಾಲಾ ಅನುದಾನ ಸಾಲದು. ಸುಣ್ಣ ಬಣ್ಣ, ಸೀಮೆಸುಣ್ಣ, ಶೌಚಾಲಯದ ನಲ್ಲಿ ಎಲ್ಲಕ್ಕೂ ಅದೇ ದುಡ್ಡು. ಕೆಟ್ಟದ್ದನ್ನು ಎಸೆಯುವ ಹಾಗೂ ಇಲ್ಲ. ನಿರುಪಯುಕ್ತ ಎಂದು ಘೋಷಣೆಯಾಗಿ, ಮೇಲಿನಿಂದ ಅನುಮತಿ ಬಂದು, ವಿಲೇವಾರಿ ಆಗುವ ತನಕ ಅದು ಲೆಕ್ಕದಲ್ಲಿ ಇರಲೇಬೇಕು. ನಾಳೆ ಆಡಿಟ್ ಬಂದರೆ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು. ಹಾಗಾಗಿ ಅವರು ಮಾಡುವ ಅತ್ಯಂತ ವಿವೇಕದ ಕೆಲಸ ಬೀಗ ಹಾಕುವುದು. ಮಕ್ಕಳು ಮುಟ್ಟದಿದ್ದರೆ ಕಳೆಯುವುದೂ ಇಲ್ಲ, ಒಡೆಯುವುದೂ ಇಲ್ಲ. ಅವರನ್ನು ದೂರಿ ಫಲವಿಲ್ಲ, ನಿಯಮ ಅವರಿಗೆ ಕಲಿಸಿದ್ದೇ ಅದು.

ಎಲ್ಲ ಕೆಟ್ಟ ಮೇಲೂ ಒಂದೆರಡು ಯಂತ್ರ ನಡೆಯುತ್ತಿರುತ್ತವೆ. ಅವು ಲ್ಯಾಬಿನಿಂದ ಆಫೀಸಿಗೆ ಬಡ್ತಿ ಪಡೆಯುತ್ತವೆ. ಎಸ್‌ಎಟಿಎಸ್‌ನಲ್ಲಿ ದಾಖಲಾತಿ ಏರಿಸಬೇಕು, ಯು-ಡೈಸ್ ತುಂಬಬೇಕು, ಬಿಸಿಯೂಟದ ಲೆಕ್ಕ ಕೊಡಬೇಕು, ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕು, ಪರೀಕ್ಷಾ ಮಂಡಳಿಯ ಪ್ರವೇಶಪತ್ರ ಇಳಿಸಿಕೊಳ್ಳಬೇಕು. ಶಾಲೆಯಲ್ಲಿ ಕಂಪ್ಯೂಟರ್ ಬಲ್ಲ ಶಿಕ್ಷಕರು ಒಬ್ಬರಿದ್ದರೆ ಅವರ ಪಾಡು ಕೇಳಬೇಡಿ. ಬಿಇಒ ಕಚೇರಿಯಿಂದ ‘ಇವತ್ತೇ ಕಳಿಸಿ’ ಎಂದು ಬರುವ ಪ್ರತಿ ಮಾಹಿತಿಯೂ ಅವರ ತಲೆಗೇ. ಮಕ್ಕಳಿಗೆ ಕಲಿಸಲು ಬಂದ ಯಂತ್ರ ಮಕ್ಕಳ ಎಣಿಕೆಗೆ ನಿಂತಿತು.

ಕರೆಂಟಿನ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ಸಣ್ಣದಲ್ಲ. ಹತ್ತು ಕಂಪ್ಯೂಟರ್ ಓಡಿಸಿದ ತಿಂಗಳು ಬಿಲ್ ಏರುತ್ತಿತ್ತು, ಬಿಲ್ ಏರಿದರೆ ಅನುದಾನ ಕರಗುತ್ತಿತ್ತು. ಬೆಸ್ಕಾಂ ಬಾಕಿ ಉಳಿಸಿಕೊಳ್ಳುವುದಕ್ಕಿಂತ ಲ್ಯಾಬ್ ತೆಗೆಯದಿರುವುದು ಮೇಲು ಎಂಬ ಲೆಕ್ಕಾಚಾರ ಬಹಳ ಶಾಲೆಗಳಲ್ಲಿ ನಡೆದಿದೆ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದರು. ಕಂಪ್ಯೂಟರ್ ಶಿಕ್ಷಣಕ್ಕೆ ಎಂದು ಹೆಸರಿಡದೇ ಬಂದ ಈ ಘೋಷಣೆ, ಹೆಸರಿಟ್ಟು ಬಂದ ಕೆಲವು ಯೋಜನೆಗಳಿಗಿಂತ ಉಪಕಾರಿ ಎಂದೇ ನನ್ನ ಎಣಿಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ಶಾಲೆಗೆ ಕಂಪ್ಯೂಟರ್’ ಎಂದು ಕೊಡುವ ದುಡ್ಡಿನಲ್ಲಿ ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಕಂಪ್ಯೂಟರ್ ಬಳಸುವುದನ್ನು ಕಲಿಸುವುದು ಒಂದು. ಕಂಪ್ಯೂಟರಿನ ಮೂಲಕ ಗಣಿತ, ವಿಜ್ಞಾನ ಕಲಿಸುವುದು ಇನ್ನೊಂದು. ಲೆಕ್ಕವೊಂದನ್ನು ಹಂತ ಹಂತವಾಗಿ ಒಡೆದು, ಯಂತ್ರಕ್ಕೆ ಅರ್ಥವಾಗುವಂತೆ ಬರೆದು, ತಪ್ಪು ಹುಡುಕಿ ತಿದ್ದುವುದನ್ನು ಕಲಿಸುವುದು ಮತ್ತೊಂದು. ಕಂಪ್ಯೂಟರ್ ವಿಜ್ಞಾನ ಎನ್ನಬೇಕಾದ್ದು ಇದನ್ನೇ. ಮೊದಲೆರಡಕ್ಕೆ ಹಣ ಹರಿದಿದೆ. ಸರ್ವ ಶಿಕ್ಷಣ ಅಭಿಯಾನದಲ್ಲಿ ಹಿರಿಯ ಪ್ರಾಥಮಿಕ ಶಾಲೆಗಳ ಕಂಪ್ಯೂಟರ್ ಆಧಾರಿತ ಕಲಿಕೆಗೆಂದು ಜಿಲ್ಲೆಗೆ ವರ್ಷಕ್ಕೆ 50 ಲಕ್ಷ ರೂಪಾಯಿವರೆಗೆ ಅವಕಾಶವಿತ್ತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಇದೇ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ನಡೆಸಿ, ಸಿ.ಡಿ.ಗಳಲ್ಲಿ ಪಾಠ ತುಂಬಿ ಕೊಟ್ಟು, ಕೆಲವು ವರ್ಷಗಳ ನಂತರ ಆ ದಾರಿಯಿಂದ ಹಿಂದೆ ಸರಿಯಿತು. ಶಿಕ್ಷಕರು ಗಟ್ಟಿಯಾಗದೆ ಯಂತ್ರದಿಂದ ಕಲಿಕೆ ಹೆಚ್ಚುವುದಿಲ್ಲ ಎಂದು ಅವರೇ ಬಹಿರಂಗವಾಗಿ ಬರೆದರು. ದುಡ್ಡು ಹಾಕಿದವರೇ ಹಾಗೆ ಹೇಳಿದ್ದು ನಮ್ಮ ಕಡೆ ಅಪರೂಪ. ಮೂರನೆಯದಕ್ಕೆ, ಅಂದರೆ ಕಂಪ್ಯೂಟರ್ ವಿಜ್ಞಾನಕ್ಕೆ ಮಾತ್ರ ಸರ್ಕಾರಿ ಪ್ರೌಢಶಾಲೆಯಲ್ಲಿ ಇವತ್ತಿಗೂ ನಿಶ್ಚಿತವಾದ ಜಾಗವಿಲ್ಲ.

ಈಗ ಗಡಿಯಾಚೆ ನೋಡೋಣ. ಕೇರಳ ತನ್ನ ‘ಐಟಿ ಅಟ್ ಸ್ಕೂಲ್’ ಶುರು ಮಾಡಿದ್ದು 2001ರಲ್ಲಿ, ನಮ್ಮ ಮಾಹಿತಿ ಸಿಂಧುವಿನ ಓರಗೆಯಲ್ಲೇ. ಅದಕ್ಕೆ ಅಡಿಪಾಯ ಹಾಕಿಕೊಟ್ಟ ಕಾರ್ಯಪಡೆಯ ಅಧ್ಯಕ್ಷರು ಯು.ಆರ್. ರಾವ್, ಉಡುಪಿಯ ಅದಮಾರಿನವರು, ಇಸ್ರೋ ಮುಖ್ಯಸ್ಥರಾಗಿದ್ದವರು. ಕನ್ನಡಿಗರೊಬ್ಬರ ಸಲಹೆ ಕೇರಳದಲ್ಲಿ ಬೇರೂರಿತು, ಕನ್ನಡ ನಾಡು ಟೆಂಡರ್ ಕರೆಯಿತು. ಕೇರಳ ಹೊರಗಿನ ಕಂಪನಿಯಿಂದ ಶಿಕ್ಷಕರನ್ನು ತರಲಿಲ್ಲ. ಇದ್ದ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ಮಾಸ್ಟರ್ ಟ್ರೇನರ್ ಮಾಡಿತು, ಪ್ರತಿ ಶಾಲೆಗೊಬ್ಬ ಐಟಿ ಸಂಯೋಜಕರನ್ನು ಗೊತ್ತು ಮಾಡಿತು. 2005ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯ ವಿಷಯವಾಯಿತು. ಲೈಸೆನ್ಸ್ ಶುಲ್ಕ ಕಟ್ಟುವ ಬದಲು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನೇ ಎಲ್ಲ ಶಾಲೆಗೂ ತಂದರು. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ, 45 ಸಾವಿರ ತರಗತಿ ಕೋಣೆಗಳಿಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಹೋಯಿತು. ಮಕ್ಕಳ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳು ಹುಟ್ಟಿಕೊಂಡವು.

ನಮಗೆ ಮುಟ್ಟಬೇಕಾದ ಸಂಗತಿ ಕಾಸರಗೋಡಿನಲ್ಲಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡುತ್ತದೆ. ಮಂಜೇಶ್ವರದ ಹಳ್ಳಿಯ ಹುಡುಗಿ ಕನ್ನಡದಲ್ಲಿ ಓದಿ, ಕಂಪ್ಯೂಟರ್ ಮುಂದೆ ಕೂತು ಪ್ರಾಯೋಗಿಕ ಪರೀಕ್ಷೆ ಕೊಟ್ಟು ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ನಮ್ಮ 625 ಅಂಕದ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜಗಳಿಗೆ ಜಾಗ ಮುಗಿಯುತ್ತದೆ. ಮಲಯಾಳದ ಹೇರಿಕೆ ಎಂದು ಕಾಸರಗೋಡಿನ ಬಗ್ಗೆ ನಾವು ಆಗಾಗ ಕಣ್ಣೀರು ಹಾಕುತ್ತೇವೆ, ಅದರಲ್ಲಿ ನಿಜವೂ ಇದೆ. ಈ ಒಂದು ವಿಷಯದಲ್ಲಿ ಮಾತ್ರ ಅಲ್ಲಿನ ಕನ್ನಡ ಮಗುವೇ ಭಾಗ್ಯವಂತ.

ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿ, ಗುತ್ತಿಗೆ ಮಾದರಿಗಿಂತ ಶಿಕ್ಷಕರನ್ನೇ ಬೆಳೆಸುವ ಮಾದರಿ ಮೇಲು ಎಂದು ತೋರಿಸಿತು. ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ. ಕೇರಳ ಪ್ರೌಢಶಾಲೆಗೆ ಪ್ರತ್ಯೇಕ ಕಂಪ್ಯೂಟರ್ ಶಿಕ್ಷಕರ ಹುದ್ದೆ ಸೃಷ್ಟಿಸಿ ಗೆದ್ದದ್ದಲ್ಲ. ಭೌತಶಾಸ್ತ್ರದ ಟೀಚರ್, ಗಣಿತದ ಮಾಷ್ಟ್ರು ಇವರೇ ಐಟಿ ಕಲಿಸುತ್ತಾರೆ. ಹಾಗಾದರೆ ಹುದ್ದೆ ಬೇಕೇ ಬೇಕು ಎನ್ನುವುದು ಹಟವೇ? ಅಲ್ಲಿ ಹುದ್ದೆಯ ಬದಲು ಮೂರು ಬಲಗಳಿದ್ದವು: ತರಬೇತಿಯ ಬಿಡದ ಸರಪಳಿ, ವೇಳಾಪಟ್ಟಿಯಲ್ಲಿ ಪೀರಿಯಡ್, ಕೊನೆಗೆ ಪರೀಕ್ಷೆ. ಜೊತೆಗೆ ವಿಷಯ ಶಿಕ್ಷಕರ ಕುರ್ಚಿಗಳು ಅಲ್ಲಿ ಬಹುತೇಕ ಭರ್ತಿಯಾಗಿದ್ದವು. ನಮ್ಮ ಕಡೆ ಗಣಿತದ ಕುರ್ಚಿಯೇ ಖಾಲಿ ಬಿದ್ದು ಅತಿಥಿ ಶಿಕ್ಷಕರಿಂದ ನಡೆಯುವ ಶಾಲೆಗಳಿವೆ. ಅಲ್ಲಿ ‘ಗಣಿತದವರೇ ಕಂಪ್ಯೂಟರೂ ಕಲಿಸಲಿ’ ಎನ್ನುವುದು ಹೇಳಲಷ್ಟೇ ಸುಲಭ.

ಕರ್ನಾಟಕ ಆ ದಾರಿಯಲ್ಲಿ ಹೆಜ್ಜೆಯೇ ಇಡಲಿಲ್ಲ ಎನ್ನಬಾರದು. 2011ರ ಸುಮಾರಿಗೆ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಕಟ್ಟಿದವು. ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಕಲಿತರು, ತಾವೇ ಪಾಠ ಸಾಮಗ್ರಿ ಮಾಡಿ ಹಂಚಿಕೊಂಡರು, ‘ಕೊಯರ್’ ಎಂಬ ಮುಕ್ತ ಸಂಪನ್ಮೂಲ ತಾಣ ಬೆಳೆಯಿತು. ಪೈಥಾಗೊರಸ್ ಪ್ರಮೇಯದ ತ್ರಿಕೋನವನ್ನು ಮೌಸ್ ಹಿಡಿದು ಎಳೆದು ಹಿಗ್ಗಿಸಿ, ಮೂರು ಚೌಕಗಳ ವಿಸ್ತೀರ್ಣ ತಾನಾಗಿ ಬದಲಾಗುವುದನ್ನು ಒಮ್ಮೆ ತೋರಿಸಿದ ಮೇಷ್ಟರು ಮತ್ತೆ ಬರೀ ಬೋರ್ಡಿಗೆ ಮರಳುವುದು ಕಷ್ಟ. 2016-17ರಲ್ಲಿ ಬಂದ ‘ಟಾಲ್ಪ್’, ಅಂದರೆ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ, ಬೂಟ್ ಮಾದರಿಯನ್ನು ಬಿಟ್ಟು ಶಿಕ್ಷಕರನ್ನು ನಡುವೆ ನಿಲ್ಲಿಸಿತು. ‘ಟಾಲ್ಪ್ ಟ್ರೈನಿಂಗ್ ಆಗಿದೆ’ ಎಂದು ಹೇಳುವ ಶಿಕ್ಷಕರು ಇವತ್ತು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ನಮ್ಮ ರಾಜ್ಯ ಮಾಡಿದ್ದರಲ್ಲಿ ಸರಿಯಾದ ದಿಕ್ಕಿನ ಕೆಲಸ ಇದೇ. ಆದರೆ ಅದರ ಗುರಿ ಕಂಪ್ಯೂಟರ್ ಬಳಸಿ ಬೇರೆ ವಿಷಯ ಕಲಿಸುವುದು. ಮಗುವಿಗೆ ಪ್ರೋಗ್ರಾಂ ಬರೆಯಲು ಕಲಿಸುವುದು ಅದರ ಕೆಲಸವಾಗಿರಲಿಲ್ಲ. ಅದೂ ಬೇರೂರುವ ಹೊತ್ತಿಗೆ 2020ರ ಕೊರೊನಾ ಬಂದು ಶಾಲೆ ಮುಚ್ಚಿ, ಪಾಠವೆಲ್ಲ ಚಂದನ ವಾಹಿನಿಯ ‘ಸಂವೇದ’ಕ್ಕೂ ಅಪ್ಪನ ಮೊಬೈಲಿಗೂ ಹೋಯಿತು.

2018ರ ನಂತರ ಎಲ್ಲವೂ ‘ಸಮಗ್ರ ಶಿಕ್ಷಣ’ದ ಕೊಡೆಯ ಕೆಳಗೆ ಬಂದಿದೆ. ಇದರಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಲ್ಯಾಬಿಗೆ ಒಂದು ಸಲದ ಅನುದಾನ 6.40 ಲಕ್ಷ, 2010ರಲ್ಲಿ ಇದ್ದಷ್ಟೇ. ವಾರ್ಷಿಕ ಅನುದಾನ 2.40 ಲಕ್ಷ, ಐದು ವರ್ಷ. ಈ ಅಂಕಿಯನ್ನು ಸ್ವಲ್ಪ ಒಡೆದು ನೋಡಿ. ತಿಂಗಳಿಗೆ 20 ಸಾವಿರ ರೂಪಾಯಿ. ಇಂಟರ್‌ನೆಟ್ಟು, ರಿಪೇರಿ, ಕಾಗದ, ಶಾಯಿ, ಕಲಿಸುವವರ ಸಂಬಳ ಎಲ್ಲ ಇದರಲ್ಲೇ. ರಾಜ್ಯದ ಏಳನೇ ವೇತನ ಆಯೋಗದ ನಂತರ ಪ್ರೌಢಶಾಲಾ ಸಹ ಶಿಕ್ಷಕರ ಆರಂಭಿಕ ಮೂಲವೇತನವೇ 50 ಸಾವಿರ ದಾಟಿದೆ. 20 ಸಾವಿರದಲ್ಲಿ ಸಿಗುವವರು ಬೇರೆ ಕೆಲಸ ಸಿಗುವ ತನಕ ಇರುವವರು. ಎಂಸಿಎ ಓದಿದ ತುಮಕೂರಿನ ಹುಡುಗಿ ಬೆಳಗಿನ ರೈಲು ಹತ್ತಿದರೆ ಸಿಗುವ ಸಂಬಳವೆಲ್ಲಿ, ಇದೆಲ್ಲಿ.

ಹಣದ ಬೇರೆ ಕಾಲುವೆಗಳೂ ಇವೆ, ಒಂದಕ್ಕೊಂದು ಪರಿಚಯವಿಲ್ಲದ ಹಾಗೆ ಹರಿಯುತ್ತವೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಗೆ 20 ಲಕ್ಷ: ಆರಂಭಕ್ಕೆ 10, ಐದು ವರ್ಷದ ನಿರ್ವಹಣೆಗೆ 10. 2025ರ ಕೇಂದ್ರ ಬಜೆಟ್ ಇಂಥ ಇನ್ನೂ 50 ಸಾವಿರ ಲ್ಯಾಬುಗಳನ್ನು ಘೋಷಿಸಿದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಅದರಲ್ಲಿ ಕಂಪ್ಯೂಟರ್ ಕೊಳ್ಳಬಹುದು, ಸಂಬಳ ಕೊಡಲಾಗದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು. ವಸಂತನರಸಾಪುರದಲ್ಲಿ ಕೈಗಾರಿಕೆಗಳಿವೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಗಣಿಬಾಧಿತ ಜಿಲ್ಲೆಗಳಲ್ಲಿ ತುಮಕೂರೂ ಒಂದಾದ್ದರಿಂದ ಗಣಿ ಪುನಶ್ಚೇತನದ ಸಾವಿರಾರು ಕೋಟಿಯಲ್ಲಿ ಇದಕ್ಕೂ ಪಾಲಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಗರ ಇದು. ಹೀಗೆ ಎಣಿಸುತ್ತಾ ಹೋದರೆ ದುಡ್ಡಿನ ಬರವೇ ಇಲ್ಲ. ಆದರೆ ಈ ಎಲ್ಲ ದುಡ್ಡಿಗೂ ಒಂದೇ ಚಾಳಿ: ಫೋಟೊ ತೆಗೆಯಲು ಆಗುವಂಥದ್ದು ಬೇಕು. ಉದ್ಘಾಟನೆಯ ಟೇಪು ಕತ್ತರಿಸಲು ಲ್ಯಾಬ್ ಆಗುತ್ತದೆ, ಆರನೇ ವರ್ಷದ ಬ್ಯಾಟರಿ ಆಗುವುದಿಲ್ಲ.

ಸರ್ಕಾರದೊಳಗೇ ಇರುವ ವಿಚಿತ್ರಗಳನ್ನೂ ನೋಡಿ. ಸಮಾಜ ಕಲ್ಯಾಣ ಇಲಾಖೆಯ ಆಸರೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ‘ಕಂಪ್ಯೂಟರ್ ಶಿಕ್ಷಕ’ ಎಂಬ ಹುದ್ದೆ ಇದೆ, ಅದಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನೇಮಕವೂ ಆಗಿದೆ. ಅಂದರೆ ಹುದ್ದೆ ಸೃಷ್ಟಿಸುವುದು ಅಸಾಧ್ಯ ಎಂಬ ಮಾತು ನಿಲ್ಲುವುದಿಲ್ಲ. ಅದೇ ರಸ್ತೆಯ ಶಿಕ್ಷಣ ಇಲಾಖೆಯ ಪ್ರೌಢಶಾಲೆಯಲ್ಲಿ ಆ ಹುದ್ದೆ ಇಲ್ಲ. 2012ರಲ್ಲಿ ಸರ್ಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಮಾಡಿ ನಿಯಮ ತಂದಿತು. ನೌಕರನಾದ ಮೇಲೆ ಪಾಸಾಗಬೇಕಾದ್ದನ್ನು ವಿದ್ಯಾರ್ಥಿಯಾಗಿದ್ದಾಗ ಕಲಿಸುವ ಯೋಚನೆ ಯಾರಿಗೂ ಬರಲಿಲ್ಲವೇ? ಈ ಕಂದರದಲ್ಲೇ ತಾಲ್ಲೂಕು ಕೇಂದ್ರಗಳ ತರಬೇತಿ ಅಂಗಡಿಗಳು ಬದುಕಿರುವುದು. ಬೇಸಿಕ್, ಟ್ಯಾಲಿ, ಡಿಟಿಪಿ, ಮೂರು ತಿಂಗಳು, ಸರ್ಟಿಫಿಕೇಟು. ಶಾಲೆ ಉಚಿತವಾಗಿ ಕೊಡಬೇಕಾಗಿದ್ದನ್ನು ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಒಂದು ಸಣ್ಣ ಕಿಟಕಿ ತೆರೆದಿದೆ. ವೃತ್ತಿ ಶಿಕ್ಷಣದ ಎನ್‌ಎಸ್‌ಕ್ಯೂಎಫ್ ಅಡಿಯಲ್ಲಿ ಆಯ್ದ ಸರ್ಕಾರಿ ಶಾಲೆಗಳ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನವನ್ನು ಆಯ್ದುಕೊಳ್ಳಬಹುದು. ಪರೀಕ್ಷೆ ಇದೆ, ಅಂಕ ಇದೆ, ಹಾಗಾಗಿ ಪೀರಿಯಡ್ಡೂ ಇದೆ. ಆದರೆ ಕಲಿಸುವವರು ಮತ್ತೆ ಹೊರಗಿನ ಸಂಸ್ಥೆಯ ಗುತ್ತಿಗೆಯವರೇ. ಪಿಯುಸಿಗೆ ಬಂದರೆ ಪಿಸಿಎಂಸಿ, ಸೆಬಾ ಎಂದು ಕಂಪ್ಯೂಟರ್ ವಿಜ್ಞಾನದ ಕಾಂಬಿನೇಷನ್ನುಗಳಿವೆ. ಕಾಲೇಜಿನ ಬಾಗಿಲಲ್ಲಿ ಅದನ್ನು ಕೇಳುವ ಧೈರ್ಯ ಯಾರಿಗೆ ಬರುತ್ತದೆ ಎಂದರೆ, ಅದುವರೆಗೆ ಎಲ್ಲೋ ಒಂದು ಕಡೆ ಕೀಬೋರ್ಡ್ ಮುಟ್ಟಿದವರಿಗೆ.

ಹೊರಗಿನ ಲೋಕವೂ ಇದನ್ನೆಲ್ಲ ಅನುಭವಿಸಿಯೇ ಕಲಿಯುತ್ತಿದೆ. ನಮಗೆ ಬಿಬಿಸಿ ಮೈಕ್ರೋ ಕೊಟ್ಟ ಬ್ರಿಟನ್ನೇ ನಡುವೆ ದಾರಿ ತಪ್ಪಿ, ಮಕ್ಕಳಿಗೆ ಬರೀ ವರ್ಡ್, ಪವರ್‌ಪಾಯಿಂಟ್ ಕಲಿಸುತ್ತಾ ಕೂತಿತ್ತು. 2012ರಲ್ಲಿ ರಾಯಲ್ ಸೊಸೈಟಿ ವರದಿ ಕೊಟ್ಟು ಛೀಮಾರಿ ಹಾಕಿತು. 2014ರಿಂದ ಇಂಗ್ಲೆಂಡಿನ ಶಾಲೆಗಳಲ್ಲಿ ಐದನೇ ವಯಸ್ಸಿನಿಂದಲೇ ಕಂಪ್ಯೂಟಿಂಗ್ ಪಠ್ಯವಾಯಿತು. ಪಠ್ಯ ಬಂತು, ಕಲಿಸುವವರಿಲ್ಲ ಎಂಬುದು ಆಮೇಲೆ ಹೊಳೆಯಿತು. 2018ರಲ್ಲಿ 84 ದಶಲಕ್ಷ ಪೌಂಡ್ ತೆಗೆದಿಟ್ಟು ಶಿಕ್ಷಕರ ತರಬೇತಿಗೆ ರಾಷ್ಟ್ರೀಯ ಕೇಂದ್ರ ತೆರೆದರು. ಅಮೆರಿಕದಲ್ಲಿ 2016ರಲ್ಲಿ ಒಬಾಮಾ ‘ಎಲ್ಲರಿಗೂ ಕಂಪ್ಯೂಟರ್ ವಿಜ್ಞಾನ’ ಎಂದು 4 ಬಿಲಿಯನ್ ಡಾಲರ್ ಕೇಳಿದರು, ಸಂಸತ್ತು ಕೊಡಲಿಲ್ಲ. ಪೆರು ದೇಶ ಲಕ್ಷಾಂತರ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಇಟ್ಟಿತು. ಇಂಟರ್ ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 2012ರಲ್ಲಿ ಪರೀಕ್ಷಿಸಿ ನೋಡಿದಾಗ ಗಣಿತ, ಭಾಷೆಯ ಕಲಿಕೆಯಲ್ಲಿ ಹೆಚ್ಚಳವೇ ಕಾಣಲಿಲ್ಲ.

ಶೌಚಾಲಯಕ್ಕೆ ನೀರಿಲ್ಲ, ಗಣಿತಕ್ಕೆ ಶಿಕ್ಷಕರಿಲ್ಲ, ನಿಮಗೆ ಕಂಪ್ಯೂಟರ್ ಚಿಂತೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐದನೇ ಕ್ಲಾಸಿನ ಮಗು ಎರಡನೇ ಕ್ಲಾಸಿನ ಪಠ್ಯ ಓದಲಾರದು ಎಂದು ವರ್ಷ ವರ್ಷ ಸಮೀಕ್ಷೆಗಳು ಹೇಳುವಾಗ ಕೋಡಿಂಗ್ ಎನ್ನುವುದು ಶೋಕಿಯಂತೆ ಕೇಳುತ್ತದೆ. ಆದರೆ ಮಕ್ಕಳು ನಮಗಾಗಿ ಕಾಯುತ್ತಿಲ್ಲ. 2024ರ ‘ಅಸರ್’ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 89 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, 82 ಮಂದಿಗೆ ಬಳಸಲು ಬರುತ್ತದೆ. ಓದಿಗೆ ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಬಳಸುವುದನ್ನು ಕಲಿಸುವ ಕೆಲಸ ಮೊಬೈಲ್ ಕಂಪನಿಗಳು ಮಾಡಿ ಮುಗಿಸಿವೆ. ಆ ಪರದೆಯ ಹಿಂದೆ ಏನು ನಡೆಯುತ್ತದೆ, ಇದೇ ವಿಡಿಯೋ ನನಗೇಕೆ ಬಂತು, ನನ್ನ ನಂಬರು ಎಲ್ಲಿಗೆ ಹೋಯಿತು ಎಂದು ಹೇಳಿಕೊಡುವವರು ಮಾತ್ರ ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ.

ಇಷ್ಟರ ಮೇಲೆ ಕೇಂದ್ರ 2026-27ರಿಂದ ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣಕೀಯ ಚಿಂತನೆಯನ್ನು ಪಠ್ಯಕ್ಕೆ ತರುವುದಾಗಿ ಹೇಳಿದೆ. 2020ರ ನೀತಿ ಆರನೇ ತರಗತಿಯಿಂದ ಕೋಡಿಂಗ್ ಎಂದಿತ್ತು. ಘೋಷಣೆ ಮೂರು ತರಗತಿ ಕೆಳಗಿಳಿಯಿತು. ಕಲಿಸುವವರಿಗೆ ಸಂಬಳ ಕೊಡುವುದು ಯಾವ ಲೆಕ್ಕದ ಶೀರ್ಷಿಕೆಯಿಂದ ಎನ್ನುವುದು ಇನ್ನೂ ಮೇಲೆಯೇ ಇದೆ. 2024-25ರ ಯು-ಡೈಸ್ ಪ್ರಕಾರ ದೇಶದ ನೂರಕ್ಕೆ 64.7 ಶಾಲೆಗಳಲ್ಲಿ ಕಂಪ್ಯೂಟರ್ ಸೌಲಭ್ಯವಿದೆ. ಆಫೀಸಿನಲ್ಲಿ ಬಿಸಿಯೂಟದ ಲೆಕ್ಕ ಹಾಕುವ ಯಂತ್ರ ಆ ಎಣಿಕೆಯೊಳಗೆ ಬಂದರೂ ಅಂಕಿ ಏರುತ್ತದೆ.

ದುಡ್ಡಿನ ಲೆಕ್ಕ ನಾವೇ ಒಮ್ಮೆ ಹಾಕಿ ನೋಡಬಹುದು. ಲ್ಯಾಬಿರುವ ಅಕ್ಕಪಕ್ಕದ ಮೂರು ಪ್ರೌಢಶಾಲೆಗಳ ವಾರ್ಷಿಕ ಅನುದಾನ ಕೂಡಿದರೆ 7.20 ಲಕ್ಷ. ಒಬ್ಬ ಹೊಸ ಕಾಯಂ ಶಿಕ್ಷಕರ ವರ್ಷದ ಸಂಬಳ ಹೆಚ್ಚುಕಮ್ಮಿ ಅದರ ಆಸುಪಾಸಿನಲ್ಲೇ ಬರುತ್ತದೆ. ಮೂರು ಶಾಲೆಗೆ ಒಬ್ಬರಂತೆ ಹುದ್ದೆ ಮಂಜೂರು ಮಾಡಿ, ವಾರದಲ್ಲಿ ಎರಡೆರಡು ದಿನ ಒಂದೊಂದು ಶಾಲೆಗೆ ಹಂಚಿದರೆ ಪ್ರತಿ ತರಗತಿಗೆ ವಾರಕ್ಕೆ ಎರಡು ಪೀರಿಯಡ್ ಸಿಗುತ್ತದೆ. ರಿಪೇರಿ, ಇಂಟರ್‌ನೆಟ್ ಖರ್ಚು ಬೇರೆ ಹುಡುಕಬೇಕು, ನಿಜ. ಅದಕ್ಕೆ ಕಂಪನಿಗಳ ನಿಧಿ, ಗಣಿ ನಿಧಿ ಬರಲಿ. ಕರೆಂಟಿನ ಬಿಲ್ಲಿನ ಚಿಂತೆಯನ್ನು ಸರ್ಕಾರ ಆಗಲೇ ತನ್ನ ಮೇಲೆ ಹಾಕಿಕೊಂಡಿದೆ. ಯಂತ್ರ ಕೊಡಲು ಮುಂದೆ ಬರುವವರು ಬಹಳ, ಸಂಬಳ ಕೊಡಲು ಸರ್ಕಾರವೊಂದೇ. ಹಾಗಿರುವಾಗ ಸರ್ಕಾರದ ದುಡ್ಡು ಯಂತ್ರಕ್ಕೆ ಹೋಗಿ, ಸಂಬಳ ಗುತ್ತಿಗೆಗೆ ಬೀಳುತ್ತಿರುವುದು ತಲೆಕೆಳಗು.

ತುಮಕೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿವೆ. ಸಮಗ್ರ ಶಿಕ್ಷಣದ ವಾರ್ಷಿಕ ಕ್ರಿಯಾಯೋಜನೆ ಪ್ರತಿ ವರ್ಷ ಜಿಲ್ಲೆಯಿಂದಲೇ ಹೊರಟು, ರಾಜ್ಯದ ಮೂಲಕ ದೆಹಲಿಯ ಅನುಮೋದನಾ ಮಂಡಳಿಗೆ ಹೋಗುತ್ತದೆ. ಆರು ತಾಲ್ಲೂಕುಗಳಲ್ಲಿ ಒಂದನ್ನು, ಕುಣಿಗಲ್ ಆಗಲಿ ಗುಬ್ಬಿಯಾಗಲಿ, ಮೂರು ಶಾಲೆಗೊಬ್ಬ ಶಿಕ್ಷಕರ ಪ್ರಯೋಗಕ್ಕೆ ಎತ್ತಿಕೊಂಡು ಪ್ರಸ್ತಾವ ಬರೆಯಲು ಯಾವ ಹೊಸ ಕಾನೂನೂ ಬೇಕಿಲ್ಲ. ಮಂಜೂರಾತಿಗೆ ಆರ್ಥಿಕ ಇಲಾಖೆಯ ಸಹಿ ಬೇಕು. ಅದನ್ನು ಕೇಳಬೇಕಾದವರು ಈ ತಾಲ್ಲೂಕುಗಳ ಶಾಸಕರು, ಅವರನ್ನು ಕೇಳಬೇಕಾದವರು ಎಸ್‌ಡಿಎಂಸಿಯಲ್ಲಿ ಕೂತ ತಂದೆತಾಯಿಗಳು.